ಬಾಗಿಲು ತೆರೆದ ಅಜ್ಜಿ

ಸಕ್ಕರೆಗಾಗಿ ಅಜ್ಜಿ ಮೂರು ಡಬ್ಬಿ ತೆರೆದಳು. ಮೊದಲನೆಯದರಲ್ಲಿ ಕಡಲೆಬೇಳೆ, ಎರಡನೆಯದರಲ್ಲಿ ಮಂಡಕ್ಕಿ, ಮೂರನೆಯದರಲ್ಲಿ ಮೆಂತ್ಯ. ನಾಲ್ಕನೆಯದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಳು.

ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದ ಮಾಲತೇಶನಿಗೆ ಆಗಲೇ ಅನುಮಾನ ಸುಳಿಯಿತು. ತಮ್ಮ ಮನೆಯ ಸಕ್ಕರೆ ಡಬ್ಬಿ ಯಾರಿಗಾದರೂ ಗೊತ್ತಿರುವುದಿಲ್ಲವೇ? ವಯಸ್ಸಾಗಿದೆ, ಮರೆತಿರಬೇಕು ಎಂದುಕೊಂಡ.

ಕನ್ಯಾಕುಮಾರಿ ಬಿಟ್ಟು ಅವನಿಗೆ ಅದು ನಲವತ್ಮೂರನೆಯ ದಿನ. ಕಾಶ್ಮೀರದವರೆಗೆ ನಡಿಗೆ. ಕರೆದವರ ಮನೆಯಲ್ಲಿ ಊಟ, ಜಾಗ ಕೊಟ್ಟವರ ಮನೆಯಲ್ಲಿ ನಿದ್ದೆ. ‘ಗುರುತಿಲ್ಲದವರನ್ನು ನಂಬಿ ನಡೆಯುತ್ತಿದ್ದೇನೆ’ ಎಂದು ದಿನಾ ಬೆಳಿಗ್ಗೆ ಮೊಬೈಲಿನ ಮುಂದೆ ನಿಂತು ಹೇಳುತ್ತಿದ್ದ. ಹೆದ್ದಾರಿಯ ಲಾರಿಗಳ ಕಾಟ ಬೇಡವೆಂದು ಕುಕ್ಕುವಾಡದ ಕಡೆಯಿಂದ ನಾಲೆ ದಾರಿ ಹಿಡಿದವನು, ಮಧ್ಯಾಹ್ನ ಭಾನುವಳ್ಳಿ ಮುಟ್ಟುವಷ್ಟರಲ್ಲಿ ಕುಂಟುತ್ತಿದ್ದ. ಊರ ಅಂಚಿನ ಈ ಮನೆಯ ಕಟ್ಟೆಯ ಮೇಲೆ ಅಜ್ಜಿ ಕೂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಎದ್ದು ಬಾಗಿಲು ತೆರೆದಳು.

“ಒಳಗ ಬಾ ತಮ್ಮಾ. ಮೊದ್ಲು ಶೂಸ್ ಬಿಚ್ಚು.”

ಹಿಮ್ಮಡಿಯಲ್ಲಿ ಎರಡು ದೊಡ್ಡ ಬೊಬ್ಬೆ ಎದ್ದಿದ್ದವು. ಅಜ್ಜಿ ಹರಳೆಣ್ಣೆಗಾಗಿ ಅಡುಗೆಮನೆಯನ್ನೆಲ್ಲ ತಡಕಾಡಿದಳು. ಸೂಜಿ ದಾರ ಮಾತ್ರ ಹುಡುಕಲಿಲ್ಲ. ಅವು ಅವಳ ಸೆರಗಿನ ಗಂಟಿನಲ್ಲೇ ಇದ್ದವು. ಸೂಜಿಯನ್ನು ದೀಪಕ್ಕೆ ಹಿಡಿದು ಕಾಯಿಸಿ, ನೋವೇ ಆಗದಂತೆ ಬೊಬ್ಬೆಯ ನೀರು ತೆಗೆದು, ಎಣ್ಣೆ ಸವರಿ ಬಟ್ಟೆ ಕಟ್ಟಿದಳು.

“ದಿನಕ್ಕ ಎಷ್ಟು ನಡೀತಿ?”

“ಇಪ್ಪತ್ತೈದು ಕಿಲೋಮೀಟರ್ ಅಜ್ಜಿ.” ಈ ಮಾತಿಗೆ ಎಲ್ಲರೂ ಬಾಯ ಮೇಲೆ ಕೈಯಿಡುತ್ತಿದ್ದರು. ಅವನು ಕಾದ.

“ಇರ್ಲಿ ಬಿಡು,” ಅಜ್ಜಿ ಬೆನ್ನು ತಟ್ಟಿದಳು. “ಕಾಲು ಪಳಗಿದ ಮ್ಯಾಲೆ ಜಾಸ್ತಿ ಆಗ್ತೈತಿ.”

ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಾಲತೇಶ ಐದನೆಯ ರೊಟ್ಟಿಯವರೆಗೆ ಎಣಿಸಿ, ಆಮೇಲೆ ಬಿಟ್ಟುಬಿಟ್ಟ. ಗೋಡೆಯ ಮೇಲೆ ಪೇಟ ಸುತ್ತಿದ ಗಂಡಸಿನ ಫೋಟೊ ಇತ್ತು. ಯಾರೆಂದು ಕೇಳಿದ.

“ಮನಿ ಹಿರೀಕರು,” ಎಂದಳು ಅಜ್ಜಿ, ಫೋಟೊ ಕಡೆ ತಿರುಗದೆ. “ಇನ್ನೊಂದು ರೊಟ್ಟಿ ಹಾಕ್ಲಾ? ಈ ಮನಿಯವರು ಬಂದೋರನ್ನ ಹಸಿದು ಕಳಿಸಂಗಿಲ್ಲ. ಅದು ನನಗ ಚೆನ್ನಾಗಿ ಗೊತ್ತು.”

ಊಟವಾದ ಮೇಲೆ ಅಜ್ಜಿ ಎಮ್ಮೆಗೆ ನೀರಿಡಲು ಹಿತ್ತಿಲಿಗೆ ಹೋದಳು. ಎಮ್ಮೆ ಅವಳನ್ನು ಕಂಡದ್ದೇ ಬುಸ್ಸೆಂದು ಕೊಂಬು ಬೀಸಿತು. ಅಜ್ಜಿ ಬಕೆಟ್ಟನ್ನು ದೂರದಿಂದಲೇ ಕೋಲಿನಲ್ಲಿ ತಳ್ಳಿದಳು. ಸಾಕಿದವರಿಗೆ ಎಮ್ಮೆ ಹೀಗೆ ಮಾಡೀತೇ? ಮಾಲತೇಶನ ಕಣ್ಣು ಬಾಗಿಲ ಸಂದಿಗೆ ಹೋಯಿತು. ಅಲ್ಲಿ ಬಟ್ಟೆಯ ಗಂಟೊಂದು ಬಿಗಿಯಾಗಿ ಕಟ್ಟಿ ಸಿದ್ಧವಾಗಿ ಕೂತಿತ್ತು, ಹೊರಡಲು ಅನುವಾದಂತೆ.

ಇವಳು ಈ ಮನೆಯವಳೇ ಅಲ್ಲ ಎನಿಸಿತು ಅವನಿಗೆ. ಮೆಲ್ಲಗೆ ಹೊರಬಿದ್ದ. ಎದುರು ಮನೆಯ ಮುಂದೆ ನಡುವಯಸ್ಸಿನ ರೈತನೊಬ್ಬ ಸೈಕಲ್ ಒರೆಸುತ್ತಿದ್ದ. ಹೆಸರು ಹುಲಿಯಪ್ಪ.

“ಅಣ್ಣಾರೇ, ಈ ಮನೆ ಯಾರದ್ರೀ?”

“ನಮ್ಮ ಗುರುಶಾಂತಮ್ಮಂದು. ಒಬ್ಬಾಕಿನೇ ಇರಾದು. ಮುಂಜಾನೆ ಹೊಲದಿಂದ ಬರಬೇಕಾದ್ರೆ ನೋಡಿದೆ, ಹರಿಹರದ ಬಸ್ ಹತ್ತಿದ್ಲು. ಯಾಕ?”

“ಒಳಗೆ ಒಬ್ಬ ಅಜ್ಜಿ ಇದ್ದಾರೆ.”

ಹುಲಿಯಪ್ಪನ ಕೈಯಿಂದ ಬಟ್ಟೆ ಬಿತ್ತು. “ಅಜ್ಜಿ? ಆಕಿ ಮನ್ಯಾಗ ಯಾವ ಅಜ್ಜಿನೂ ಇಲ್ಲ!” ಎಂದವನು ಮೂಲೆಯ ಬಡಿಗೆಯನ್ನು ಕೈಗೆತ್ತಿಕೊಂಡ. ಮಾಲತೇಶ ಅವನ ತೋಳು ಹಿಡಿದ.

“ಹೊಡೀಬೇಡ್ರಿ ಅಣ್ಣಾ. ನನಗೆ ಊಟ ಹಾಕಿದ್ದಾರೆ.”

“ಎಷ್ಟು ರೊಟ್ಟಿ?”

“ಐದರ ಮೇಲೆ ಎಣಿಸಲಿಲ್ಲ.”

“ಹಂಗಾದ್ರೆ ನೀನು ಆಕಿ ಕಡೇನೇ ಮಾತಾಡ್ತಿ, ಸರಿ ಸರಿ!”

ಇಬ್ಬರೂ ಪಿಸುಗುಟ್ಟುತ್ತ ರಸ್ತೆ ದಾಟಿದರು. ಮಾಲತೇಶನಿಗೆ ಒಂದು ಕಡೆ ಭಯ, ಇನ್ನೊಂದು ಕಡೆ ನಾಚಿಕೆ. ನಲವತ್ತೆರಡು ದಿನಗಳ ನಂತರ ಇವತ್ತು ಮೊದಲ ಸಲ ಕಾಲು ನೋಯುತ್ತಿರಲಿಲ್ಲ. ಅದನ್ನು ವಾಸಿ ಮಾಡಿದವಳನ್ನೇ ಹಿಡಿದುಕೊಡಲು ಹೊರಟಿದ್ದ. ಅಷ್ಟರಲ್ಲಿ ತಿರುವಿನಲ್ಲಿ ಬಸ್ ನಿಂತಿತು. ಐವತ್ತರ ಹೆಂಗಸೊಬ್ಬಳು ಇಳಿದು, ಕೈಯಲ್ಲಿ ಪೇಡೆಯ ಡಬ್ಬಿ ಹಿಡಿದು, ಓಡುತ್ತಲೇ ಬಂದಳು.

“ಬಂದ್ಲಪ್ಪ ಗುರುಶಾಂತಮ್ಮ!” ಹುಲಿಯಪ್ಪ ಬಡಿಗೆ ಎತ್ತಿದ. “ಅಕ್ಕಾ, ಒಳಗ ಹೋಗಬ್ಯಾಡ! ಮನಿಯಾಗ ಕಳ್ಳಿ ಹೊಕ್ಕಾಳ!”

ಗುರುಶಾಂತಮ್ಮನಿಗೆ ಅದು ಕೇಳಿಸಲೇ ಇಲ್ಲ. ಇಬ್ಬರನ್ನೂ ತಳ್ಳಿಕೊಂಡು ಒಳನುಗ್ಗಿ, ಹಿತ್ತಿಲಿಂದ ಬಂದ ಅಜ್ಜಿಯನ್ನು ಅಪ್ಪಿಕೊಂಡು, ಅವಳ ಬಾಯಿಗೊಂದು ಪೇಡೆ ತುರುಕಿದಳು.

“ಹೆಣ್ಣು ಕೂಸು ಯವ್ವಾ! ಮಗಳೂ ಆರಾಮ, ಕೂಸೂ ಆರಾಮ! ನೀ ಇದ್ದದ್ದಕ್ಕ ನಾ ಹೊತ್ತಿಗೆ ಸರಿಯಾಗಿ ದಾವಣಗೆರೆ ಆಸ್ಪತ್ರೆ ಮುಟ್ಟಿದೆ.”

ಹುಲಿಯಪ್ಪ ಬಡಿಗೆಯನ್ನು ಬೆನ್ನ ಹಿಂದೆ ಮರೆಮಾಡಿದ. ಅಜ್ಜಿ ಪೇಡೆ ನುಂಗಿ, ಬಾಗಿಲ ಸಂದಿಯ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡಳು. “ಹಂಗಾದ್ರೆ ನಾ ಹೊರಡ್ತೀನವ್ವಾ. ಬೆಳಕಿರಾದ್ರಾಗ ಹರಿಹರದ ಹೊಳಿ ದಾಟಬೇಕು.”

“ಇವತ್ತೊಂದಿನ ಇದ್ದು ಹೋಗು ಯವ್ವಾ,” ಗುರುಶಾಂತಮ್ಮ ಅವಳ ಕೈ ಬಿಡಲಿಲ್ಲ. “ಹೊಸದುರ್ಗದಿಂದ ಸವದತ್ತಿ ಗುಡ್ಡಕ್ಕ ನಡಕೊಂತ ಹೊಂಟಾಕಿ, ಒಂದು ತಂಬಿಗಿ ನೀರು ಕೇಳಾಕ ಬಂದಿದ್ದಿ, ನಾ ನಿನ್ನ ಕೈಯಾಗ ಮನಿ ಕೀಲಿ ಇಟ್ಟು ಓಡಿಬಿಟ್ಟೆ. ಅಂದಂಗ, ನಿನ್ನ ಹೆಸರೇನವ್ವಾ?”