ಕೆಳಗಿಟ್ಟ ಬಟ್ಟಲು

ಪರದೇಶಿ ಸೈನ್ಯದ ಮೇಜರ್ ಕಾಫಿ ಬಟ್ಟಲನ್ನು ಬಾಯಿಗೂ ತಾಗಿಸದೆ ಚಾಪೆಯ ಮೇಲಿಟ್ಟ. ನಕಾಶೆ ಬಿಡಿಸಲು ಅವನಿಗೆ ಎರಡೂ ಕೈ ಬೇಕಿತ್ತು, ಅಷ್ಟೇ. ಆದರೆ ಚಾವಡಿಯಲ್ಲಿದ್ದವರ ಮಾತು ಅಲ್ಲಿಗೇ ನಿಂತಿತು. ನಮ್ಮ ದಕ್ಷಿಣ ಇರಾಕಿನಲ್ಲಿ ಅತಿಥಿ ಕಾಫಿ ಕುಡಿಯದೆ ಕೆಳಗಿಟ್ಟನೆಂದರೆ ಏನೋ ಕೇಳಲು ಬಂದಿದ್ದಾನೆ ಎಂದೇ ಲೆಕ್ಕ. ಕೊಡದಿದ್ದರೆ ಮನೆಯ ಮಾನ ಹೋಗುತ್ತದೆ. ಕೊಟ್ಟರೆ ಅವನು ಕುಡಿಯಲೇಬೇಕು, ಕುಡಿದ ಮೇಲೆ ಆ ವಿಷಯ ಮತ್ತೆ ಎತ್ತುವಂತಿಲ್ಲ.

ಊರಿನ ಹಿರಿಯ ಮಿಜ್ಬಿಲ್ ಗಡ್ಡ ನೀವಿಕೊಂಡ. "ಏನ್ ಬೇಕಂತೆ ಕೇಳಪ್ಪ," ಎಂದ ದುಭಾಷಿ ಸರ್ಮದನಿಗೆ.

ಬೇಕಾಗಿದ್ದುದು ಆಯುಧ. ಲೋಕವನ್ನೇ ಸುಡುವಂಥ ಆಯುಧಗಳನ್ನು ನಮ್ಮ ಸರ್ವಾಧಿಕಾರಿ ಬಚ್ಚಿಟ್ಟಿದ್ದಾನೆಂದು ಹೇಳಿಯೇ ಇವರು ಸಮುದ್ರ ದಾಟಿ ಬಂದದ್ದು. ಅವನು ಓಡಿಹೋದ, ನಾವೂ ಕುಣಿದೆವು, ಸುಳ್ಳೇಕೆ. ಆಯುಧ ಮಾತ್ರ ಸಿಗಲಿಲ್ಲ. ಆಮೇಲೆ, ನಿಮಗೆ ಸ್ವಾತಂತ್ರ್ಯ ಕೊಡಲೆಂದೇ ಬಂದೆವು ಎಂದು ರಾಗ ಬದಲಿಸಿದರು. ಬಂದದ್ದೇನೋ ಸರಿ, ಇದ್ದ ಕರೆಂಟೂ ನೀರೂ ಹೋದವು. ಈಗ ಈ ಊರಿನ ಖರ್ಜೂರದ ತೋಪಿನಡಿ ಏನೋ ಹೂತಿದೆಯೆಂದು ಯಾರೋ ಇವರ ಕಿವಿ ಊದಿದ್ದರು. ತೋರಿಸದಿದ್ದರೆ ನಾಳೆ ಬೆಳಗ್ಗೆ ಬುಲ್ಡೋಜರ್. ಮಿಜ್ಬಿಲ್‌ನ ಅಜ್ಜ ನೆಟ್ಟ ಮರಗಳವು, ಇಡೀ ಊರಿನ ಅನ್ನ.

"ದೊಡ್ಡಪ್ಪ, ಇವ್ರಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ಸುಮ್ನೆ ಇಟ್ಬಿಟ್ರು," ಎಂದು ಸರ್ಮದ್ ಪಿಸುಗುಟ್ಟಿದ.

"ಇವ್ರಿಗೆ ಗೊತ್ತಿಲ್ದೆ ಇರೋದು ಕಾಫಿ ಪದ್ಧತಿ ಮಾತ್ರಾನಾ? ಗೊತ್ತು ಮಾಡ್ಸು. ಆಯುಧ ತೋರ್ಸಿದ್ರೆ ಕುಡೀತಾರಾ, ತೋಪಿನ ತಂಟೆಗೆ ಬರಲ್ವಾ, ಕೇಳು."

ಮೇಜರ್‌ಗೆ ಸರ್ಮದ್ ಹೇಳಿದ್ದು ಕೇಳಿ ನಗು ಬಂತು. ತೋರಿಸಿದರೆ ಒಂದಲ್ಲ ಹತ್ತು ಬಟ್ಟಲು ಕುಡಿಯುತ್ತೇನೆ, ಒಂದು ಮರವನ್ನೂ ಮುಟ್ಟುವುದಿಲ್ಲ ಎಂದು ಎಲ್ಲರೆದುರು ಎದೆ ಮುಟ್ಟಿ ಮಾತು ಕೊಟ್ಟ.

ಮಿಜ್ಬಿಲ್ ಆ ಬಟ್ಟಲನ್ನು ತಾನೇ ಎತ್ತಿಕೊಂಡು ತೋಪಿನತ್ತ ನಡೆದ. ಮೊದಲ ಮರದ ಬುಡದಲ್ಲಿ ಸುತ್ತ ಕಲ್ಲು ಜೋಡಿಸಿಟ್ಟಿದ್ದರು. ನಡುವೆ ಮಣ್ಣಿನಲ್ಲಿ ಅರ್ಧ ಹುಗಿದ ಪುಟ್ಟ ಲೋಹದ ಡಬ್ಬಿ, ಅದರ ತುದಿಗೆ ಬಿಳಿ ರಿಬ್ಬನ್. ಮೇಜರ್ ನೋಡಿದ ತಕ್ಷಣ ಗುರುತು ಹಿಡಿದ. ಹಿಂದೆ ಬರುತ್ತಿದ್ದ ಸಿಪಾಯಿಗಳನ್ನು ಕೈಯೆತ್ತಿ ತಡೆದ. ಅವರದೇ ಫಿರಂಗಿಗಳು ಸುರಿಸಿದ, ಸಿಡಿಯದೆ ಉಳಿದ ಮರಿಬಾಂಬು ಅದು.

"ಇಂಥದ್ದೇ ಇನ್ನೊಂದಿತ್ತು," ಎಂದ ಮಿಜ್ಬಿಲ್. "ಗೊಂಬೆ ಜಡೆಗೆ ರಿಬ್ಬನ್ ಸಿಕ್ತು ಅಂತ ನನ್ ಮೊಮ್ಮಗಳು, ಖಜ್ನಾ ಅಂತ ಅವಳ ಹೆಸ್ರು, ಅದನ್ನ ಎತ್ಕೊಂಡ್ಲು. ಈ ಊರಲ್ಲಿರೋ ಆಯುಧ ಇದೊಂದೇ, ಸಾಹೇಬ್ರೆ. ಕೇಳಿದ್ರಿ, ತೋರ್ಸಿದೆ. ಈಗ ಕುಡೀರಿ."

ಅಲ್ಲಿಯವರೆಗೆ ಪಿಸುಗುಡುತ್ತಿದ್ದ ಸರ್ಮದ್ ಒಂದು ಮಾತೂ ಬಿಡದೆ ಗಟ್ಟಿಯಾಗಿ ಅನುವಾದಿಸಿದ. ಆ ಹುಡುಗನ ದನಿ ನೆನೆದರೆ, ಅಲ್ಲೇ ನಿಂತಿದ್ದ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ಮಿಜ್ಬಿಲ್ ಚಾಚಿದ ತಣ್ಣಗಾದ ಕಾಫಿಯನ್ನು ಮೇಜರ್ ಈಸಿಕೊಂಡ, ಕುಡಿಯಲಿಲ್ಲ. ಬಟ್ಟಲನ್ನು ಎಲ್ಲಾದರೂ ಇಡೋಣವೆಂದು ಅವನು ಬಗ್ಗಿದ.

ಮಿಜ್ಬಿಲ್ ಅವನ ಕೈ ಹಿಡಿದ. "ಕೆಳಗಿಡ್ಬೇಡಿ. ಮತ್ತೆ ಇನ್ನೇನೋ ಕೇಳ್ದಂಗಾಗುತ್ತೆ. ಕೊಡೋಕೆ ನನ್ ಹತ್ರ ಇನ್ನೊಬ್ಳು ಮೊಮ್ಮಗಳಿಲ್ಲ."