ಜೋಡಿ ತಪ್ಪಿದ ಎತ್ತು

"ಕಂಡಕ್ಟ್ರಪ್ಪ, ನಿನ್ನೆ ಈ ಬಸ್ಸಲ್ಲಿ ನಮ್ಮ ಎತ್ತು ಬಿಟ್ಟು ಹೋಗೀನಿ. ಸಿಕ್ತೇನು?" ಎಂದು ಗುಡ್ಡಮ್ಮ ಕೇಳಿದಾಗ ಬಸ್ಸಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಗದೇ ಉಳಿದವನು ಕಂಡಕ್ಟರ್ ನಾಗೇಶ ಒಬ್ಬನೇ.

ಮುದುಕಿ ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಇನ್ನೊಂದು ಎತ್ತನ್ನು ತೋರಿಸಿದಳು. ಕೆರೆಯ ಕಪ್ಪು ಮಣ್ಣಿನದು, ಮುಷ್ಟಿಯಷ್ಟು ದೊಡ್ಡದು, ಕಣ್ಣಿಗೆ ಗುಲಗಂಜಿ. ನಾಳೆ ಮಣ್ಣೆತ್ತಿನ ಅಮಾವಾಸ್ಯೆ. ಶಿಕಾರಿಪುರದಲ್ಲಿರುವ ಮಗಳ ಮನೆಯ ಪೂಜೆಗೆಂದು ಕುಬಟೂರಿನಿಂದ ಜೋಡಿ ಎತ್ತು ಮಾಡಿಕೊಂಡು ಬಂದವಳು, ಇಳಿಯುವ ನೂಕುನುಗ್ಗಲಿನಲ್ಲಿ ಒಂದನ್ನು ಸೀಟಿನ ಮೇಲೇ ಮರೆತಿದ್ದಳು. ಮಗಳ ಅತ್ತೆ ಒಂಟಿ ಎತ್ತನ್ನು ಹೊಸಿಲು ದಾಟಿಸಲು ಒಪ್ಪಲಿಲ್ಲವಂತೆ. ಒಂದೇ ಮುದ್ದೆ ಮಣ್ಣಿನಿಂದ ಹುಟ್ಟಿದ ಜೋಡಿ ಅದು, ಬೇರೆ ಎತ್ತಿನ ಜೊತೆ ಕಟ್ಟುವಂತೆಯೂ ಇಲ್ಲ. ಪೇಟೆಯಿಂದ ಬೇರೆ ಜೋಡಿ ಬಂತು. ಗುಡ್ಡಮ್ಮ ತಾನು ಮಾಡಿದ್ದನ್ನು ಮಡಿಲಲ್ಲಿಟ್ಟುಕೊಂಡು ಊರಿಗೆ ವಾಪಸು ಹೊರಟಿದ್ದಳು.

ಅವಳು ಹುಡುಕುತ್ತಿದ್ದ ಎತ್ತು ನಾಗೇಶನ ಹೆಗಲ ಚೀಲದಲ್ಲೇ, ಚಿಲ್ಲರೆಯ ಪಕ್ಕ, ಕರವಸ್ತ್ರ ಸುತ್ತಿಕೊಂಡು ಮಲಗಿತ್ತು.

ನಾಗೇಶ ಕಳ್ಳನಲ್ಲ. ಜನ ಬಿಟ್ಟುಹೋದ ಕೊಡೆ, ಊಟದ ಡಬ್ಬಿ, ಒಮ್ಮೆ ಬಂಗಾರದ ಸರವನ್ನೂ ಒಡೆಯರನ್ನು ಹುಡುಕಿಕೊಂಡು ಹೋಗಿ ಕೊಟ್ಟವನು. ಆದರೆ ಮಕ್ಕಳು ಬಿಟ್ಟುಹೋದ ಪ್ಲಾಸ್ಟಿಕ್ ಜಿರಾಫೆಯನ್ನು ಕೇಳಿಕೊಂಡು ಶಿರಾಳಕೊಪ್ಪದಿಂದ ಯಾರು ತಾನೇ ಬರುತ್ತಾರೆ? ಅಂಥವನ್ನು ಒಂದು ವಾರ ಡ್ರೈವರ್ ಮುಂದೆ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದ. ಯಾರೂ ಕೇಳದಿದ್ದರೆ ಬಾಡಿಗೆ ಕೋಣೆಯ ಕಪಾಟಿಗೆ ಒಯ್ಯುತ್ತಿದ್ದ. ಹೀಗೆ ಅಲ್ಲೊಂದು ಸಣ್ಣ ಕಾಡೇ ಸೇರಿಕೊಂಡಿತ್ತು. ದಾರಿಯುದ್ದಕ್ಕೂ ವಾಂತಿ ಮಾಡಿ ಕೊನೆಗೆ ಅವನ ತೊಡೆಯ ಮೇಲೇ ನಿದ್ದೆಹೋದ ಹುಡುಗಿಯ ಜಿರಾಫೆ. ಕಿಟಕಿಯಾಚೆ ಎಸೆಯಬೇಡವೆಂದು ಅಪ್ಪ ಗದರಿದ್ದಕ್ಕೆ ಸಿಟ್ಟಿನಿಂದ ಒಬ್ಬ ಹುಡುಗ ಕಾಲು ಮುರಿದುಹಾಕಿದ ಕುದುರೆ. ಹೊಸದಾಗಿ ಮದುವೆಯಾದ ಜೋಡಿ ಮಾತಿನ ಭರದಲ್ಲಿ ಮರೆತ ಗಾಜಿನ ಹಂಸ. ಸಂಜೆ ಒಬ್ಬನಿಗಾಗುವಷ್ಟು ಅನ್ನಕ್ಕಿಟ್ಟು, ಒಂದೊಂದನ್ನೂ ಒರೆಸುತ್ತ, ಅವುಗಳ ಒಡೆಯರ ಮುಖ ನೆನೆಯುತ್ತ ಕೂರುವಾಗ ನಾಗೇಶನಿಗೆ ನಿಜಕ್ಕೂ ಖುಷಿಯಾಗುತ್ತಿತ್ತು. ಖುಷಿಯೆನ್ನುವುದು ಅವನ ಪಾಲಿಗೆ ಅಷ್ಟೇ ಇತ್ತು. ಮದುವೆ ಕೂಡಿಬರಲಿಲ್ಲ. ಅವ್ವ ತೀರಿಕೊಂಡ ಮೇಲೆ ಹೊಸಬಾಳೆ ಊರಿನ ಅಣ್ಣನ ಮನೆಯಲ್ಲಿ ಅವನು ಬರೀ ನೆಂಟ.

ಈ ಎತ್ತಿನ ಸಂಗತಿಯೇ ಬೇರೆ. ಅದರ ಹೆಗಲ ಮೇಲೆ ಉಬ್ಬಿದ ಇಣಿಯ ಹಿಂದೆ ಹೆಬ್ಬೆರಳು ಒತ್ತಿದ ಗುರುತಿತ್ತು. ಅವ್ವನೂ ಎತ್ತು ಮಾಡುವಾಗ ಹಾಗೆಯೇ ಒತ್ತುತ್ತಿದ್ದಳು. ನಿನ್ನೆ ಸಂಜೆ ಆ ಕುಳಿಯಲ್ಲಿ ನಾಗೇಶ ತನ್ನ ಬೆರಳಿಟ್ಟು ನೋಡಿದ, ಸರಿಯಾಗಿ ಕೂತಿತು. ಒಲೆಯ ಮುಂದೆ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟ. ಬೆಳಿಗ್ಗೆ ತನ್ನದೇ ನಿಯಮಕ್ಕೆ ಕಟ್ಟುಬಿದ್ದು ಎತ್ತನ್ನು ಬಸ್ಸಿಗೆ ತಂದನೇನೋ ಹೌದು, ಆದರೆ ಡ್ರೈವರ್ ಮುಂದೆ ಇಡಲು ಕೈ ಬರಲಿಲ್ಲ. ಯಾರೂ ಕೇಳದಿರಲಿ ಎಂದು ದೇವರಿಗೆ ಕೈಮುಗಿದುಕೊಂಡೇ ಟಿಕೆಟ್ ಹರಿಯುತ್ತಿದ್ದ.

"ಇಲ್ಲಜ್ಜಿ, ಸಿಗ್ಲಿಲ್ಲ" ಎಂದ.

ಗುಡ್ಡಮ್ಮ ನಂಬಿ, ಎತ್ತನ್ನು ಮತ್ತೆ ಮಡಿಲಿಗಿಟ್ಟುಕೊಂಡಳು. ಪಕ್ಕದಲ್ಲಿದ್ದ ಅಡಿಕೆ ವ್ಯಾಪಾರಿ, ನಾಗೇಶನ ಕಣ್ಣಿಗೆ ಬಿದ್ದಿದ್ದರೆ ಕೊಡದೇ ಇರುವ ಮನುಷ್ಯನೇ ಅಲ್ಲ ಎಂದು ಸರದ ಕಥೆಯನ್ನೂ ಸೇರಿಸಿ ಸಾಕ್ಷಿ ಹೇಳಿದ. ನಾಗೇಶನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಟಿಕೆಟ್ ಕೊಟ್ಟು ಮುಗಿದಿದ್ದರೂ ಹಿಂದಿನ ಸೀಟಿನವರೆಗೆ ಹೋಗಿ ಸುಮ್ಮನೆ ಕಿಟಕಿಯಾಚೆ ನೋಡುತ್ತ ನಿಂತ. ಕೈ ಮಾತ್ರ ಚೀಲದ ಮೇಲೇ ಇತ್ತು.

ಕುಬಟೂರು ಕ್ರಾಸಿನಲ್ಲಿ ಗುಡ್ಡಮ್ಮ ಇಳಿದಳು. ಇಳಿದವಳು ಹೋಗದೆ, ಬಾಗಿಲಲ್ಲಿ ನಿಂತಿದ್ದ ಅವನತ್ತ ಮಡಿಲಿನ ಎತ್ತನ್ನು ಚಾಚಿದಳು.

"ತಗಳಪ್ಪ, ಇದೂ ನಿನ್ ಹತ್ರನೇ ಇರ್ಲಿ. ಅದು ಸಿಕ್ರೆ ಎರಡನ್ನೂ ಒಟ್ಟಿಗೆ ಕೆರೆಗೆ ಬಿಡು. ಒಂಟಿ ಎತ್ತು ಮನೇಲಿ ಇಟ್ಕಬಾರ್ದು."

"ನಂದೂ ಒಂಟಿ ಮನೇನೇ ಅಜ್ಜಿ" ಎಂದ ನಾಗೇಶ. ಆ ದಿನ ಅವಳಿಗೆ ಅವನು ಹೇಳಿದ ನಿಜ ಅದೊಂದೇ.

ಮುದುಕಿ ಕಣ್ಣು ಕಿರಿದು ಮಾಡಿ ಅವನ ಮುಖ ನೋಡಿದಳು.

"ಮೊದ್ಲೇ ಹೇಳೋದಲ್ಲೇನು? ನಾಳೆ ಹಬ್ಬಕ್ಕೆ ನಮ್ಮನೆಗೆ ಬಾ. ಹೋಳಿಗೆ ಮಾಡ್ತೀನಿ, ನಿಂಗೂ ಒಂದು ಜೋಡಿ ಎತ್ತು ಮಾಡಿಕೊಡ್ತೀನಿ. ಗುಡ್ಡಮ್ಮನ ಮನೆ ಅಂದ್ರೆ ಯಾರ್ ಬೇಕಾದ್ರೂ ತೋರಿಸ್ತಾರೆ."

ಡ್ರೈವರ್ ತಡವಾಯಿತೆಂದು ಗೊಣಗುತ್ತ ಸೀಟಿ ಊದುವುದಕ್ಕೂ ಕಾಯದೆ ಗಾಡಿ ಬಿಟ್ಟ. ನಾಗೇಶ ಎತ್ತನ್ನು ಚೀಲಕ್ಕಿಳಿಸಿದ. ಒಳಗೆ ಎರಡೂ ಒಂದಕ್ಕೊಂದು ತಾಗಿ ಟಕ್ಕೆಂದವು. ಹಬ್ಬಕ್ಕೆ ಬಾ ಎಂದು ಅವನನ್ನು ಯಾರೂ ಕರೆಯದೆ ಎಷ್ಟೋ ವರ್ಷಗಳಾಗಿದ್ದವು. ಈಗ ಕರೆದವಳ ಮನೆಗೆ ಹೋಗಿ, ಅವಳ ಎತ್ತನ್ನೇ ಬಚ್ಚಿಟ್ಟುಕೊಂಡವನು ಎಲೆಯ ಮುಂದೆ ಕೂರುವುದಾದರೂ ಹೇಗೆ?

ಗುಡ್ಡಮ್ಮ ರಸ್ತೆಯಲ್ಲೇ ನಿಂತು, ಬಾ ಎಂದು ಇನ್ನೂ ಕೈ ಬೀಸುತ್ತಿದ್ದಳು. ಒಂದೇ ಒಂದು ಸೀಟಿ ಊದಿದರೆ ಬಸ್ಸು ನಿಲ್ಲುತ್ತದೆ. ನಾಗೇಶ ಸೀಟಿಯನ್ನು ಬಾಯಿಗಿಟ್ಟುಕೊಂಡ. ಬಸ್ಸು ತಿರುವು ದಾಟಿ, ಮುದುಕಿ ಕಾಣದಾಗಿ, ಮುಂದಿನ ಸ್ಟಾಪಿನವರು ಕೈ ಅಡ್ಡ ಹಿಡಿಯುವವರೆಗೂ ಅದು ಹಾಗೇ ಬಾಯಲ್ಲಿತ್ತು.