ಕೃಪಾಂಕ

ಪುಟ ತುಂಬಿಹೋಗಿತ್ತು. ಧನಂಜಯ ಬೆಚ್ಚಿ ಪೆನ್ನು ಕೆಳಗಿಟ್ಟ.

ಪ್ರಶ್ನೆ ಸುಲಭದ್ದೇ. ನಿಮಗೆ ಕಲಿಸಿದವರೊಬ್ಬರ ಬಗ್ಗೆ ಬರೆಯಿರಿ. ನಾಲ್ಕು ಸಾಲಿಗೆ ಮುಗಿಸಬೇಕೆಂದುಕೊಂಡಿದ್ದ. ಕೈ ತನ್ನ ಪಾಡಿಗೆ ತಾನು ಓಡಿತ್ತು. ಉಳಿದ ಪ್ರಶ್ನೆಗಳನ್ನು ಹಾಗೇ ಬಿಟ್ಟು ಎದ್ದ. ಪರೀಕ್ಷಾ ಕೊಠಡಿ ನೋಡಿಕೊಳ್ಳುತ್ತಿದ್ದ ಹಿಮಬಿಂದು ಗಡಿಯಾರದತ್ತ ಕಣ್ಣು ಹಾಯಿಸಿದಳು.

"ಇನ್ನೂ ಟೈಮಿದೆ ಸಾರ್," ಎಂದಳು ತೆಲುಗಿನಲ್ಲಿ.

"ಸಾಕಮ್ಮ. ಇಷ್ಟೇ ಜಾಸ್ತಿ ಆಯ್ತು."

ವಿಶಾಖಪಟ್ಟಣದ ಒಂದು ಕಾಲೇಜು ಅಂಚೆ ಶಿಕ್ಷಣದಲ್ಲಿ ನಡೆಸುವ ಪತ್ರಿಕೆ ಅದು. ಇಂಗ್ಲಿಷ್ ಸಾಹಿತ್ಯ, ಬರವಣಿಗೆ, ಎಲ್ಲ ಅ ಆ ಇ ಈ ಮಟ್ಟದ್ದು. ಮೊದಲ ವರ್ಷದ ಹುಡುಗರು ನಿದ್ದೆಗಣ್ಣಲ್ಲಿ ಬರೆದು ಪಾಸಾಗುತ್ತಾರೆ. ಧನಂಜಯ ಮಾತ್ರ ಪ್ರತಿ ಸಲವೂ ಫೇಲು. ವಿಜಯವಾಡದ ಪಟಮಟದ ಬ್ಯಾಂಕಿನಲ್ಲಿ ಮ್ಯಾನೇಜರು, ದಾವಣಗೆರೆಯವನು. ಕೋಟಿ ರೂಪಾಯಿ ಸಾಲದ ಕಡತವನ್ನು ಒಂದೇ ಓದಿಗೆ ಜಾಲಾಡುವ ಮನುಷ್ಯನಿಗೆ ಈ ಪತ್ರಿಕೆ ಕಬ್ಬಿಣದ ಕಡಲೆಯಾಗಿತ್ತು.

"ಬಿಟ್ಹಾಕಿ ಸಾರ್, ಈ ವಯಸ್ಸಲ್ಲಿ ಯಾಕೆ," ಎನ್ನುತ್ತಿದ್ದ ಕ್ಯಾಷಿಯರ್ ಬಾಬ್ಜಿ.

"ಪರೀಕ್ಷೆಗೆ ಹೋಗ್ದೇ ಇದ್ರೆ ಹೆಸರು ತೆಗೀತಾರೆ ಬಾಬ್ಜಿ. ಫೇಲಾದ್ರೆ ಪರವಾಗಿಲ್ಲ."

ಬಾಬ್ಜಿಗೆ ಒಂದು ಗುಮಾನಿಯೂ ಇತ್ತು. ಸಮುದ್ರದ ಊರು ವಿಶಾಖಪಟ್ಟಣ ಬಿಟ್ಟು ಈ ಬೆಂಕಿಯಂಥ ಬಿಸಿಲಿನ ವಿಜಯವಾಡಕ್ಕೆ ಯಾರಾದರೂ ಕೇಳಿ ವರ್ಗ ಮಾಡಿಸಿಕೊಳ್ಳುತ್ತಾರೆಯೇ? ಮೇಡಂ ಎಲ್ಲಿ ಎಂದು ಕೇಳಿದರೆ "ಅವಳು ವೈಜಾಗಿನಲ್ಲೇ" ಎಂದು ಧನಂಜಯ ಕಡತ ಎಳೆದುಕೊಳ್ಳುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಎಷ್ಟು ಸಲ ಉಂಡು ಮಲಗಿದರೂ ಮುಗಿಯುವ ಹಾಗೆ ಕಾಣಲಿಲ್ಲ.

ಸಂಜೆ ಭವಾನಿಪುರದ ಮನೆಗೆ ಬಂದು ಅವನು ಮಾಡುತ್ತಿದ್ದುದು ಒಂದೇ ಕೆಲಸ. ಬೇಳೆ ಡಬ್ಬಿಗೆ ಮೊಬೈಲು ಒರಗಿಸಿ, ಕಾಲೇಜಿನ ಆ್ಯಪ್ ತೆರೆದು, ಪಾಠ ಹಚ್ಚಿ, ತಟ್ಟೆ ಮುಂದಿಟ್ಟುಕೊಂಡು ಕೂರುವುದು. ಪಾಠದ ವಿಡಿಯೊಗಳನ್ನು ಅಲ್ಲೇ ನೋಡಬೇಕು, ಇಳಿಸಿಕೊಳ್ಳಲು ಬರುವುದಿಲ್ಲ. ಲಾಕ್‌ಡೌನಿನಲ್ಲಿ ಮೇಡಂ ಒಬ್ಬರು ಮನೆಯಲ್ಲೇ ಕೂತು ಮಾಡಿದವು. ಹೊಸ ಸಿಲಬಸ್‌ನವರಿಗೆ ಅವು ಇಲ್ಲ. ಹಳೆಯದರಲ್ಲಿ ಬಾಕಿ ಉಳಿದವರಿಗಷ್ಟೇ, ಅದೂ ಪಾಸಾಗುವ ತನಕ.

ಎರಡನೆಯ ಪಾಠದಲ್ಲಿ ಒಂದು ತಮಾಷೆಯಿದೆ. ಕವಿತೆ ವಿವರಿಸುವಾಗ ಒಳಗೆಲ್ಲೋ ಕುಕ್ಕರ್ ಕೂಗುತ್ತದೆ. ಮೇಡಂ ಪಕ್ಕಕ್ಕೆ ತಿರುಗಿ ಒಂದು ಬೆರಳೆತ್ತುತ್ತಾರೆ. ಕೂಗು ನಿಲ್ಲುತ್ತದೆ. ನಗು ತಡೆದುಕೊಂಡು ಮುಂದಿನ ಸಾಲಿಗೆ ಹೋಗುತ್ತಾರೆ. ಧನಂಜಯ ಅದನ್ನೇ ಹಿಂದಕ್ಕೆ ಎಳೆದು ಎಳೆದು ನೋಡುತ್ತಿದ್ದ, ದಡ್ಡ ಹುಡುಗನ ಹಾಗೆ. ಕೊನೆಗೆ ಮೇಡಂ "ಏನಾದರೂ ಕೇಳೋದಿದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿ ಸುಮ್ಮನೆ ಕಾಯುತ್ತಾರೆ. ತುತ್ತು ಕೈಯಲ್ಲೇ ಇರುತ್ತಿತ್ತು.

ಆ ದಿನ ಪರೀಕ್ಷೆಯಿಂದ ಎದ್ದು ಬಂದವನಿಗೆ ಕಾರಿಡಾರಿನಲ್ಲಿ ಲಕ್ಷ್ಮೀಪ್ರಸನ್ನ ಅಡ್ಡ ಬಂದಳು. ಹೋದ ವರ್ಷವಷ್ಟೇ ವೈಜಾಗಿನ ಆ ಕಾಲೇಜು ಸೇರಿದ್ದ ಅಧ್ಯಾಪಕಿ, ಪರೀಕ್ಷೆ ನಡೆಸಲು ಇಲ್ಲಿಗೆ ಬಂದಿದ್ದಳು. ಈ ಪತ್ರಿಕೆಯ ಉಸ್ತುವಾರಿ ಅವಳದೇ. ತಾಯಿ ಬಳ್ಳಾರಿಯವರಾದ್ದರಿಂದ ಕನ್ನಡದವರನ್ನು ಕಂಡರೆ ಅವಳಿಗೆ ಒಂದು ಹಿಡಿ ಪ್ರೀತಿ ಹೆಚ್ಚು; ಮಾತಿಗೊಮ್ಮೆ ತೆಲುಗಿನ 'ಅಂಡಿ' ಸೇರಿಸಿ ಕನ್ನಡ ಆಡುತ್ತಿದ್ದಳು.

"ಬೇಗ ಎದ್ದುಬಿಟ್ರಲ್ಲಂಡಿ. ಆ ಹಳೇ ಪಾಠ ಅರ್ಥ ಆಗದಿದ್ರೆ ಹೇಳಿ, ನಾನೇ ಹೇಳಿಕೊಡ್ತೀನಿ."

"ಪಾಠದ್ದೇನೂ ತಪ್ಪಿಲ್ಲ ಮೇಡಂ. ಚೆನ್ನಾಗೇ ಹೇಳ್ತಾರೆ."

"ಮತ್ತೆ? ಬರೆದಷ್ಟರಲ್ಲಿ ಒಂದು ತಪ್ಪಿರಲ್ಲ, ಪೂರ್ತಿ ಮಾತ್ರ ಮಾಡಲ್ಲ. ಭಯ ನಿಮಗೆ. ಈ ಸಲ ಹತ್ತಿರ ಬಂದಿದ್ರೆ ಕೃಪಾಂಕ ಕೊಡಿಸ್ತೀನಿ."

ಧನಂಜಯ ಎರಡೂ ಕೈ ಮುಗಿದ.

"ಬೇಡ ಮೇಡಂ. ದಯವಿಟ್ಟು ಹಾಗೆ ಮಾಡಬೇಡಿ."

ಎಂಥ ಸ್ವಾಭಿಮಾನ, ಎಂದುಕೊಂಡಳು ಲಕ್ಷ್ಮೀಪ್ರಸನ್ನ. ಒಳ್ಳೆಯವರಿಗೆ ಬೇಡವೆಂದರೆ ಕೇಳಿಸುವುದಿಲ್ಲ. ಅವನು ಇಂದ್ರಕೀಲಾದ್ರಿ ಬೆಟ್ಟದ ಕಡೆ ತಿರುಗಿ, ಬ್ಯಾಂಕಿನ ಮನುಷ್ಯನಾಗಿಯೂ, ಆ ಒಂದು ಪುಟಕ್ಕೆ ಎಷ್ಟು ಮಾರ್ಕು ಬರಬಹುದೆಂದು ಲೆಕ್ಕ ಹಾಕಲಾರದೆ ನಿಂತ. ಅಲ್ಲಿಂದ ಫಲಿತಾಂಶದವರೆಗೆ ಅವನಿಗೆ ಊಟ ಸೇರಲಿಲ್ಲ.

ಲಕ್ಷ್ಮೀಪ್ರಸನ್ನಳ ಫೋನು ಬಂದಾಗ ಬ್ಯಾಂಕಿನಲ್ಲಿದ್ದ.

"ಸ್ವೀಟ್ ಕೊಡಿಸಬೇಕು ಸಾರ್ ನೀವು. ಪಾಸಂಡಿ. ನಿಮಗೆ ಕಲಿಸಿದವರ ಬಗ್ಗೆ ಬರೆದಿದ್ರಲ್ಲ, ಓದಿ ನಂಗೇ ಕಣ್ಣಲ್ಲಿ ನೀರು ಬಂತು. ಅದಕ್ಕೆ ಪೂರ್ತಿ ಮಾರ್ಕು. ಕಮ್ಮಿ ಬಿದ್ದದ್ದು ಕೃಪಾಂಕ."

"ಪಾಠಗಳು ಮೇಡಂ?"

"ಇನ್ಯಾಕಂಡಿ ಅವು? ಹಳೇ ಸಿಲಬಸ್‌ನಲ್ಲಿ ಉಳಿದಿದ್ದವರು ನೀವೊಬ್ಬರೇ. ಬೆಳಿಗ್ಗೇನೇ ಎಲ್ಲ ಅಳಿಸಿಬಿಟ್ರು."

ಥ್ಯಾಂಕ್ಸ್ ಹೇಳಿ ಫೋನು ಇಟ್ಟ. ಬಾಬ್ಜಿ ಎಲ್ಲರಿಗೂ ಕಾಜಾ ಹಂಚಿದ. ಧನಂಜಯನೂ ಒಂದು ತಿಂದ. ಸಿಹಿ ಇತ್ತೋ ಇಲ್ಲವೋ, ನಾಲಿಗೆಗೆ ಗೊತ್ತಾಗಲಿಲ್ಲ.

ಮನೆಗೆ ಬಂದು ಅನ್ನಕ್ಕಿಟ್ಟ. ರೂಢಿಯಂತೆ ಬೇಳೆ ಡಬ್ಬಿಗೆ ಮೊಬೈಲು ಒರಗಿಸಿದ. ಆ್ಯಪಿನಲ್ಲಿ ಅಭಿನಂದನೆಗಳು ಎಂದಿತ್ತು, ಅದರ ಕೆಳಗೆ ಬಿಳಿ ಪರದೆ. ಒಂದು ಮಾತು ಹೇಳಿದ್ದರೆ ಆ ಒಳ್ಳೆಯ ಹುಡುಗಿ ಕಾಲೇಜನ್ನೇ ತಲೆಕೆಳಗು ಮಾಡಿ ಪಾಠಗಳನ್ನು ಕಾಪಾಡುತ್ತಿದ್ದಳು. ಆ ಮಾತನ್ನು ಅವನು ಈ ಊರಿನಲ್ಲಿ ಯಾರೊಬ್ಬರಿಗೂ ಹೇಳಿರಲಿಲ್ಲ. ಬಾಯಿಗೆ ಬಂದದ್ದೇ ಇಲ್ಲ.

ಕುಕ್ಕರ್ ಕೂಗಿತು. ಮತ್ತೆ ಕೂಗಿತು. ಧನಂಜಯ ಏಳಲಿಲ್ಲ.

ಎರಡನೆಯ ಪಾಠದಲ್ಲಿ ಆ ಬೆರಳು ಕಂಡು ಓಡಿಹೋಗಿ ಕುಕ್ಕರ್ ಆರಿಸಿದ್ದವನು ಅವನೇ. ಪಾಠ ಹೇಳುತ್ತಿದ್ದವಳು ಅವನ ಹೆಂಡತಿ, ಮತ್ತು ಅವಳು ತೀರಿಕೊಂಡ ಮೇಲೆ ಆ ದನಿ ಉಳಿದಿದ್ದದ್ದು ಫೇಲಾದವರಿಗೆ ಮಾತ್ರ.